ಮಂಗಳದ ಗಾಳಿಯಲ್ಲಿ ನೀರು

ಮಂಗಳದ ವಾತಾವರಣದಲ್ಲಿರುವ ನೀರಾವಿಯನ್ನೆಲ್ಲ ತಣಿಸಿ ನೆಲದ ಮೇಲೆ ಹರಡಿದರೆ ಸರಾಸರಿ 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗ ದಪ್ಪದ ಪದರವಾದೀತು. ಭೂಮಿಯಲ್ಲಿ ಇದೇ ಲೆಕ್ಕ ಎರಡು ಸೆಂಟಿಮೀಟರ್ ದಾಟುತ್ತದೆ. ಇಷ್ಟು ಕಡಿಮೆಯೆಂಬ ಕಾರಣಕ್ಕೇ ಮಂಗಳದ ನೀರಿನ ಚರ್ಚೆ ಒಣಗಿದ ನದೀಪಾತ್ರಗಳಲ್ಲಿ, ನೆಲದಡಿಯ ಹಿಮದಲ್ಲಿ ನಿಂತುಬಿಡುತ್ತದೆ. ಆದರೆ ಗ್ರಹದ ನೀರು ಬಾಹ್ಯಾಕಾಶಕ್ಕೆ ಸೋರಿಹೋಗುವುದು ಈ ತೆಳು ಆವಿಯ ಮೂಲಕವೇ.

1867ರಲ್ಲಿ ಫ್ರಾನ್ಸಿನ ಜಾನ್ಸೆನ್ ಮಂಗಳದ ರೋಹಿತದಲ್ಲಿ ನೀರಾವಿಯ ಗುರುತು ಕಂಡಿತೆಂದರು. 1894ರಲ್ಲಿ ಲಿಕ್ ವೀಕ್ಷಣಾಲಯದ ಕ್ಯಾಂಬೆಲ್, ಮಂಗಳಕ್ಕೂ ಚಂದ್ರನಿಗೂ ರೋಹಿತದಲ್ಲಿ ವ್ಯತ್ಯಾಸ ಕಾಣದೆಂದು ತೋರಿಸಿದರು. ನಂಬಲರ್ಹ ಪುರಾವೆ ಸಿಕ್ಕಿದ್ದು 1963ರಲ್ಲಿ. ಸ್ಪಿನ್ರಾಡ್, ಮುಂಚ್, ಕ್ಯಾಪ್ಲನ್ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದಿಂದ ಅಳೆದು 14 ಮೈಕ್ರಾನ್ ಎಂದರು. 1976ರಿಂದ ವೈಕಿಂಗ್ ಕಕ್ಷಾನೌಕೆಗಳು ಋತುಮಾನದ ನಕ್ಷೆ ಕೊಟ್ಟವು: ಉತ್ತರದ ಬೇಸಿಗೆಯಲ್ಲಿ ಧ್ರುವದ ಹಿಮ ಆವಿಯಾಗಿ ಪ್ರಮಾಣ 100 ಮೈಕ್ರಾನ್ ಸಮೀಪಿಸುತ್ತದೆ. ಈ ಚಕ್ರ ವರ್ಷವರ್ಷವೂ ಮರುಕಳಿಸುವುದನ್ನು ಮಾರ್ಸ್ ಗ್ಲೋಬಲ್ ಸರ್ವೇಯರ್ ಖಚಿತಪಡಿಸಿತು.

ಇವೆಲ್ಲ ಎಷ್ಟು ನೀರಿದೆ ಎಂಬುದರ ಉತ್ತರಗಳು. ಯಾವ ಎತ್ತರದಲ್ಲಿದೆ ಎಂಬ ಪ್ರಶ್ನೆಗೆ ಮಹತ್ವ ಬಂದಾಗಲೇ ಈ ಕ್ಷೇತ್ರ ಪ್ರಬುದ್ಧವಾಯಿತು. ಮೇಲಿನ ಚಳಿಯಲ್ಲಿ ಆವಿ ಹಿಮಕಣವಾಗಿ ಕೆಳಗುಳಿಯುತ್ತದೆ, ನೀರು ಒಡೆದು ಬರುವ ಜಲಜನಕ ನಿಧಾನವಾಗಿ, ಒಂದೇ ಸಮನೆ ಸೋರುತ್ತದೆ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ಸ್ಪೈಕಾಮ್ ಉಪಕರಣ ಅದನ್ನು ಅಲುಗಿಸಿತು. ಆವಿ ಘನೀಭವಿಸಬೇಕಾದ ಮಟ್ಟವನ್ನು ಮೀರಿಯೂ ಗಾಳಿಯಲ್ಲಿ ಉಳಿಯುತ್ತದೆಂದು 2011ರಲ್ಲಿ ಮಾಲ್ಟಾಗ್ಲಿಯಾಟಿ ತಂಡ ಪ್ರಕಟಿಸಿತು. 2007ರ ಧೂಳುಗಾಳಿಯ ನಂತರ ಮೇಲ್ಪದರದ ಜಲಜನಕ ಕೆಲವೇ ತಿಂಗಳಲ್ಲಿ ತೀವ್ರವಾಗಿ ಇಳಿದದ್ದೂ ಬೆಳಕಿಗೆ ಬಂತು. ಅಂದರೆ ಸೋರಿಕೆ ಒಂದೇ ಸಮನಿಲ್ಲ, ಋತುವಿಗೆ ತಕ್ಕಂತೆ ಏರಿಳಿಯುತ್ತದೆ. 2018ರಲ್ಲಿ ಇಡೀ ಗ್ರಹವನ್ನು ಆವರಿಸಿದ ಧೂಳುಗಾಳಿಯ ವೇಳೆ ಟ್ರೇಸ್ ಗ್ಯಾಸ್ ಆರ್ಬಿಟರ್, ಕಾದ ಗಾಳಿ ನೀರಾವಿಯನ್ನು ಮೇಲಕ್ಕೆ ಒಯ್ಯುವುದನ್ನು ಅಳೆಯಿತು. 150 ಕಿಲೋಮೀಟರ್ ಎತ್ತರದಲ್ಲೂ ನೀರಿದೆಯೆಂದು ಮೇವನ್ ನೌಕೆಯ ಮಾಪನಗಳು ತೋರಿಸಿದವು. ಐವತ್ತು ವರ್ಷಗಳಲ್ಲಿ ಈ ಕ್ಷೇತ್ರ ಕಂಡ ಅತಿ ದೊಡ್ಡ ತಿದ್ದುಪಡಿ ಇದು.

ಕಳೆದುಹೋದ ನೀರಿನ ಲೆಕ್ಕ ಡ್ಯುಟೀರಿಯಂನಲ್ಲಿ, ಅಂದರೆ ಭಾರದ ಜಲಜನಕದಲ್ಲಿದೆ. ಹಗುರ ಜಲಜನಕ ಬೇಗ ಹಾರಿಹೋಗುವುದರಿಂದ ಉಳಿದ ನೀರಿನಲ್ಲಿ ಭಾರದ ಜಲಜನಕದ ಪಾಲು ಹೆಚ್ಚುತ್ತದೆ. 1988ರಲ್ಲಿ ಓವೆನ್ ತಂಡ ಆ ಪಾಲು ಭೂಮಿಯ ಸುಮಾರು ಆರು ಪಟ್ಟೆಂದು ಕಂಡಿತು. ಇದೇ ಅನುಪಾತವನ್ನು ಮೇಲ್ಪದರದಲ್ಲಿ ಅಳೆಯಲೆಂದು ಬೆಂಗಳೂರಿನಲ್ಲಿ ರೂಪುಗೊಂಡ ಲೈಮನ್ ಆಲ್ಫಾ ಫೋಟೋಮೀಟರನ್ನು ಮಂಗಳಯಾನ 2014ರಲ್ಲಿ ಮಂಗಳದ ಕಕ್ಷೆಗೆ ಒಯ್ದಿತು.

ಎತ್ತರದ ನೀರು ಹೀಗೆ ಸ್ಪಷ್ಟವಾಗುತ್ತಿದ್ದರೆ, ನೆಲದ ಹತ್ತಿರದ ನೀರು ಇನ್ನೂ ಮಸುಕಾಗಿದೆ. ಸೂರ್ಯನ ಬೆಳಕು ವಾತಾವರಣವನ್ನು ಓರೆಯಾಗಿ ಹಾದುಬರುವಾಗ ಅಳೆಯುವ ವಿಧಾನ ಉದಯ, ಅಸ್ತಗಳ ವೇಳೆ ಮಾತ್ರ ನಡೆಯುತ್ತದೆ. ಕೆಳಗಿನ ಕೆಲವು ಕಿಲೋಮೀಟರುಗಳಲ್ಲಿ ಧೂಳು ಅದಕ್ಕೆ ಅಡ್ಡ ಬರುತ್ತದೆ. ನೆಲಕ್ಕಿಳಿದ ಫೀನಿಕ್ಸ್, ಕ್ಯೂರಿಯಾಸಿಟಿ ನೌಕೆಗಳು ತೇವಾಂಶ ಅಳೆದದ್ದು ತಾವಿದ್ದ ಜಾಗದಲ್ಲಷ್ಟೆ. ರಾತ್ರಿ ಮಣ್ಣಿಗೂ ಗಾಳಿಗೂ ನಡುವೆ ನಡೆಯುವ ನೀರಿನ ಕೊಡುಕೊಳುವಿಕೆಯನ್ನು ಹಲವು ಅಕ್ಷಾಂಶಗಳಲ್ಲಿ ಒಟ್ಟಿಗೆ ಅಳೆಯುವ ನೆಲಠಾಣೆಗಳ ಜಾಲ ಮಂಗಳದಲ್ಲಿ ಇಂದಿಗೂ ಇಲ್ಲ.