ಪಟ್ಟದಕಲ್ಲಿನ ಕಂಬದಲ್ಲಿ ಉಳಿದ ಸೂರ್ಯಗ್ರಹಣ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿರುವ ಬಾಗಲಕೋಟೆ ಜಿಲ್ಲೆಯಲ್ಲಿಯೇ ಪುರಾತನ ಸೂರ್ಯಗ್ರಹಣವೊಂದರ ಶಿಲಾಸಾಕ್ಷ್ಯವಿದೆ.

ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಕಾಲದಲ್ಲಿ ಜ್ಞಾನಶಿವಾಚಾರ್ಯರು ಪಟ್ಟದಕಲ್ಲಿನಲ್ಲಿ ತ್ರಿಶೂಲಾಂಕಿತ ಸ್ತಂಭವನ್ನು ನಿಲ್ಲಿಸಿದರು. ಅದರ ಶಾಸನವು ಶ್ರಾವಣ ಅಮಾವಾಸ್ಯೆಯ ಸೂರ್ಯಗ್ರಹಣವನ್ನು ಉಲ್ಲೇಖಿಸುತ್ತದೆ. ಗ್ರಹಣಗಣಿತದ ನೆರವಿನಿಂದ ವಿದ್ವಾಂಸರು ಆ ದಿನವನ್ನು ಕ್ರಿ.ಶ. 754ರ ಜೂನ್ 25 ಎಂದು ನಿರ್ಣಯಿಸಿದ್ದಾರೆ. ಗ್ರಹಣಕಾಲದ ದಾನಕ್ಕೆ ಹೆಚ್ಚಿನ ಫಲವೆಂಬ ನಂಬಿಕೆ ಅಂದು ಬಲವಾಗಿತ್ತು. ಆ ನಂಬಿಕೆಯಿಂದ ಕೆತ್ತಿಸಿದ ಸಾಲು ಇಂದು ಇತಿಹಾಸಕಾರರಿಗೆ ಕಾಲಸೂಚಿಯಾಗಿದೆ.

ನಾಲ್ಕು ಶತಮಾನಗಳ ತರುವಾಯ ಬಂದ ಬಸವಾದಿ ಶರಣರು ತಿಥಿ-ಮುಹೂರ್ತಗಳ ಗೊಡವೆಯನ್ನೇ ತೊರೆದರು. ಹಸಿದವನು ಬಾಗಿಲಿಗೆ ಬಂದ ಗಳಿಗೆಯೇ ದಾಸೋಹದ ಪರ್ವಕಾಲವೆಂದು ಅವರ ನಡೆ ತೋರಿತು. ಗ್ರಹಣದ ಪುಣ್ಯವನ್ನು ನಾವು ಎಣಿಸದಿದ್ದರೂ, ಆ ದಿನವನ್ನು ಕಲ್ಲಿನಲ್ಲಿ ಬರೆಸಿಟ್ಟ ಹಿರಿಯರಿಗೆ ಋಣಿಗಳಾಗಿದ್ದೇವೆ.