ಘಟ್ಟ ಹತ್ತಿ ಬಂದ ದನಿ

ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದಾಗ ನಾವೆಲ್ಲ ಮೊದಲ ಪುಟದ ಸುದ್ದಿಯನ್ನೇ ನೋಡುತ್ತೇವೆ. ಒಳಪುಟದ ಮೂಲೆಯಲ್ಲಿರುವ ಆಕಾಶವಾಣಿ ಕಾರ್ಯಕ್ರಮಗಳ ಪುಟ್ಟ ಚೌಕಟ್ಟಿನತ್ತ ಕಣ್ಣು ಹೋಗುವುದಿಲ್ಲ. ಧಾರವಾಡ, ಭದ್ರಾವತಿ, ಬೆಂಗಳೂರು ಎಂಬ ಹೆಸರುಗಳು, ಅವುಗಳ ಮುಂದೆ ಗಂಟೆ, ಪ್ರದೇಶ ಸಮಾಚಾರ, ಚಿತ್ರಗೀತೆ, ನಾಟಕ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳ ದಿನಚರಿ ಒಂದು ಕಾಲಕ್ಕೆ ಈ ಚೌಕಟ್ಟಿನಂತೆಯೇ ನಡೆಯುತ್ತಿತ್ತು.

ಕನ್ನಡ ನಾಡಿನ ಬಾನುಲಿಯ ಕಥೆ 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರ ಮನೆಯಿಂದ ಆರಂಭವಾಗುತ್ತದೆ. ನಮ್ಮ ಘಟ್ಟದ ಸೀಮೆಗೆ ಹತ್ತಿರವಾದದ್ದು 1950ರ ಜನವರಿಯಲ್ಲಿ ಶುರುವಾದ ಧಾರವಾಡ ನಿಲಯ. ಆಗ ಧಾರವಾಡವೂ ಉತ್ತರ ಕನ್ನಡವೂ ಮುಂಬೈ ರಾಜ್ಯದಲ್ಲಿದ್ದವು. ಬೆಂಗಳೂರು ನಿಲಯ ಬಂದದ್ದು 1955ರಲ್ಲಿ, ರಾಜ್ಯಗಳು ಒಂದಾದದ್ದು 1956ರಲ್ಲಿ. ಅಂದರೆ ಹಂಚಿಹೋಗಿದ್ದ ಕನ್ನಡಿಗರ ನಡುವಿನ ಗಡಿಯನ್ನು ಆಡಳಿತಕ್ಕಿಂತ ಮೊದಲೇ ದನಿ ದಾಟಿತ್ತು. ಮುಂದೆ 1965ರಲ್ಲಿ ಭದ್ರಾವತಿ, 1976ರಲ್ಲಿ ಮಂಗಳೂರು ಸೇರಿಕೊಂಡವು.

ರೇಡಿಯೋ ಕಾಡಿನ ಊರುಗಳಿಗೆ ಒಗ್ಗಿದ್ದಕ್ಕೆ ಕಾರಣವಿದೆ. ಮಧ್ಯಮ ತರಂಗ ನೆಲವನ್ನು ಅನುಸರಿಸಿ ಸಾಗುತ್ತದೆ. ಗುಡ್ಡ ಅಡ್ಡ ಬಂದರೂ ಅದು ಪೂರ್ತಿ ನಿಲ್ಲುವುದಿಲ್ಲ. ರಾತ್ರಿಯಾದರೆ ಆಕಾಶದ ಮೇಲ್ಪದರಕ್ಕೆ ಬಡಿದು ಇನ್ನೂ ದೂರದಿಂದ ಬರುತ್ತದೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತ ಕೈಗಳು ಬೇರೆ ಬೇರೆ ಜಾತಿ, ಮತಗಳದ್ದಾಗಿದ್ದರೂ ಕಿವಿಗಳು ಒಂದೇ ಪೆಟ್ಟಿಗೆಯ ಕಡೆಗಿರುತ್ತಿದ್ದವು. ಆ ಪೆಟ್ಟಿಗೆ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿತ್ತು ಎಂದರೆ ಇಂದಿನ ಮಕ್ಕಳು ನಂಬಲಾರರು.

ಕೇಳುಗರೂ ಸುಮ್ಮನಿರಲಿಲ್ಲ. 1950ರ ದಶಕದಲ್ಲಿ ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ದೂರವಿಟ್ಟಾಗ ಜನ ಸಿಲೋನ್ ರೇಡಿಯೋದತ್ತ ಮುಳ್ಳು ತಿರುಗಿಸಿದರು. ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಮನೆಮಾತಾಯಿತು. ಕೊನೆಗೆ 1957ರಲ್ಲಿ ಸರಕಾರವೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು.

ಟಿವಿಯ ಕಥೆ ಬೇರೆ. 1975-76ರ ಉಪಗ್ರಹ ಪ್ರಯೋಗದಲ್ಲಿ ಕರ್ನಾಟಕಕ್ಕೆ ಪಾಲು ಸಿಕ್ಕಿತು. ಆದರೆ ಅದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ. ಬೆಂಗಳೂರು ದೂರದರ್ಶನ 1981ರಲ್ಲಿ ಬಂತು. ಟಿವಿಯ ತರಂಗ ನೇರ ದಾರಿಯದು, ಗುಡ್ಡದ ಮರೆಯಲ್ಲಿದ್ದವನಿಗೆ ಅದು ಸಿಗದು. ಹಾಗಾಗಿ ಉದ್ದನೆಯ ಕಂಬದ ತುದಿಗೆ ಆಂಟೆನಾ ಕಟ್ಟಿ, ಒಬ್ಬ ತಿರುಗಿಸುವುದು, ಒಳಗಿನಿಂದ ಇನ್ನೊಬ್ಬ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು! 1987ರಲ್ಲಿ ‘ರಾಮಾಯಣ’, 1988ರಲ್ಲಿ ‘ಮಹಾಭಾರತ’ ಶುರುವಾದಾಗ ಟಿವಿ ಇದ್ದ ಮನೆಯ ಜಗಲಿ ಊರಿನ ಜಗಲಿಯಾಯಿತು. ಆ ಮಹಾಭಾರತದ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ ಎಂಬುದನ್ನು ಇಂದು ನೆನಪಿಸಿಕೊಳ್ಳುವುದು ಒಳ್ಳೆಯದು.

ಆಸ್ಟ್ರೇಲಿಯಾದಲ್ಲಿ 1956ರಲ್ಲಿ ಟಿವಿ ಆರಂಭವಾಯಿತು. 1961ರ ಕೊನೆಗಾಗಲೇ ವಿಕ್ಟೋರಿಯಾದ ಬೆಂಡಿಗೊದಂಥ ಊರಿಗೂ ಸ್ವಂತ ಕೇಂದ್ರವಿತ್ತು. ನಮ್ಮಲ್ಲಿ ಸಣ್ಣ ಊರುಗಳಿಗೆ ಬಂದದ್ದು ಮರುಪ್ರಸಾರದ ಗೋಪುರ ಮಾತ್ರ. ಏನನ್ನು ನೋಡಬೇಕೆಂದು ದೆಹಲಿ, ಬೆಂಗಳೂರು ತೀರ್ಮಾನಿಸಿದವು. ಹೇಳುವುದಕ್ಕೆ ನಮ್ಮಲ್ಲಿ ಏನೂ ಇರಲಿಲ್ಲವೇ? ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿಗಳ ದಮಾಮಿ ಇತ್ತು. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಸಿದ್ದಾಪುರದ ಕಡೆ ಬಡಗುತಿಟ್ಟಿನ ಯಕ್ಷಗಾನವಿತ್ತು. ಇವರಿಗೆ ಎಷ್ಟು ನಿಮಿಷ ಸಿಕ್ಕಿತು, ಯಾವ ಹೊತ್ತಿನಲ್ಲಿ ಸಿಕ್ಕಿತು ಎಂಬುದಕ್ಕೆ ಆ ಹಳೆಯ ಚೌಕಟ್ಟುಗಳೇ ಸಾಕ್ಷಿ. ಯಾರ ದನಿಗೆ ಜಾಗವಿತ್ತು ಎಂಬುದೂ ಚರಿತ್ರೆಯಲ್ಲವೇ?

2004ರಲ್ಲಿ ದೂರದರ್ಶನದ ಉಚಿತ ಡಿಶ್ ಸೇವೆ ಬಂದ ಮೇಲೆ ಗುಡ್ಡದ ಅಡ್ಡಿ ತಪ್ಪಿತು. ಮುಂದೆ ದೇಶದ ಹಳೆಯ ಅನಲಾಗ್ ಟಿವಿ ಪ್ರಸಾರ ಕೇಂದ್ರಗಳು ಒಂದೊಂದಾಗಿ ಮುಚ್ಚಿದವು. ಅದಕ್ಕೆ ನಾವು ದುಃಖಿಸಬೇಕಿಲ್ಲ. ಆದರೆ ಅವುಗಳ ನೆನಪನ್ನೂ ರದ್ದಿಗೆ ಹಾಕಬೇಕೇ? ಮನೆಯ ಅಟ್ಟದಲ್ಲಿ ಹಳೆಯ ಪತ್ರಿಕೆ, ರೇಡಿಯೋ ಲೈಸೆನ್ಸಿನ ಪುಸ್ತಕ ಇದ್ದರೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ತೆರೆದು ನೋಡೋಣ. ಹಿರಿಯರನ್ನು ಕೂರಿಸಿ ಕೇಳಿ ಬರೆದಿಡೋಣ. ಒಂದೇ ಪೆಟ್ಟಿಗೆಯ ಸುತ್ತ ನಾವೆಲ್ಲ ಒಟ್ಟಿಗೆ ಕುಳಿತಿದ್ದೆವು ಎಂಬ ಸಾಕ್ಷಿ ನಮ್ಮ ಮಕ್ಕಳಿಗೆ ಬೇಕಾಗುತ್ತದೆ.