ಪಿಂಚಣಿ ಪುಸ್ತಕದಲ್ಲಿ ಸಿಗದ ಹೆಸರು

ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಕೊಲೆಯ ಚರಿತ್ರೆ ಏಕೆಂದು ಸದಸ್ಯ ಬಾಂಧವರು ಕೇಳಬಹುದು. ನಮಗೆ ಇದು ಕೊಲೆಗಿಂತ ಹೆಚ್ಚಾಗಿ ಹೆಸರಿನ ಕಥೆಯಾಗಿ ಕಂಡಿದೆ. ನಮ್ಮ ಕೃಷ್ಣಮೂರ್ತಿಪುರಂನ ಮನೆಗಳಲ್ಲಿ ಶಾಲೆಯ ದಾಖಲೆಗೆ ಒಂದು ಹೆಸರು, ಮನೆಮಂದಿ ಕೂಗುವುದಕ್ಕೆ ಪುಟ್ಟಣ್ಣನೋ ಅಪ್ಪಣ್ಣಿಯೋ ಇನ್ನೊಂದು. ಇದರ ಫಜೀತಿ ಏನೆಂಬುದು ವಾರಸುದಾರರನ್ನು ಹುಡುಕುವಾಗಲೇ ಗೊತ್ತಾಗುವುದು.

1888ರಲ್ಲಿ ಲಂಡನ್ನಿನಲ್ಲಿ ಬಡ ಹೆಂಗಸರ ಸರಣಿ ಕೊಲೆಗಳಾದವು. ಕೊಂದವನು ಯಾರೆಂದು ಇಂದಿಗೂ ಖಚಿತವಿಲ್ಲ. ಆದರೂ ಪತ್ರಿಕೆಗಳಲ್ಲಿ ಹಬ್ಬಿದ 'ಜಾಕ್ ದಿ ರಿಪ್ಪರ್' ಎಂಬ ಹೆಸರು ಲೋಕಕ್ಕೆಲ್ಲ ಗೊತ್ತು. ಸತ್ತವರ ಹೆಸರು ಎಷ್ಟು ಜನಕ್ಕೆ ಗೊತ್ತು? ಅವರಲ್ಲೊಬ್ಬಳು ಕ್ಯಾಥರೀನ್ ಎಡ್ಡೋಸ್. 1842ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಹುಟ್ಟಿದವಳು.

ಸೆಪ್ಟೆಂಬರ್ 29ರ ಶನಿವಾರ, ಕೈಯಲ್ಲಿ ಕಾಸಿಲ್ಲದೆ, ಬರ್ಮಾಂಡ್ಸಿಯಲ್ಲಿ ಮಗಳನ್ನು ಹುಡುಕಿ ಬರುತ್ತೇನೆಂದು ಆಕೆ ಹೊರಟಳು. ಮಗಳು ಆನಿಯಾದರೋ, ತಾಯಿ ಪದೇ ಪದೇ ದುಡ್ಡು ಕೇಳಲು ಬರುತ್ತಾಳೆಂದು ವಿಳಾಸ ತಿಳಿಸದೆ ಮನೆ ಬದಲಾಯಿಸಿಬಿಟ್ಟಿದ್ದಳು. ಅಂದು ರಾತ್ರಿ ಕುಡಿದು ಬೀದಿಯಲ್ಲಿ ಬಿದ್ದಿದ್ದ ಕ್ಯಾಥರೀನಳನ್ನು ಪೋಲೀಸರು ಠಾಣೆಗೆ ಒಯ್ದರು. ಒಂದು ಗಂಟೆಯ ಸುಮಾರಿಗೆ ಬಿಟ್ಟು ಕಳಿಸುವಾಗ ಹೆಸರು ಕೇಳಿದರೆ 'ಮೇರಿ ಆನ್ ಕೆಲ್ಲಿ' ಎಂದಳು. ಮುಕ್ಕಾಲು ಗಂಟೆಯೊಳಗೆ ಮೈಟರ್ ಸ್ಕ್ವೇರ್‌ನಲ್ಲಿ ಆಕೆಯ ಹೆಣ ಸಿಕ್ಕಿತು. ಹತ್ತಿರವಿದ್ದ ಗಿರವಿ ಚೀಟಿಗಳಲ್ಲಿ ಮತ್ತೆ ಬೇರೆ ಹೆಸರುಗಳು! ಕೈಯ ಮೇಲಿನ ಹಚ್ಚೆಯೊಂದೇ ನಿಜ ಹೇಳುತ್ತಿತ್ತು. ನೀಲಿ ಬಣ್ಣದ ಎರಡಕ್ಷರ: 'ಟಿ.ಸಿ.'

ಟಿ.ಸಿ. ಅಂದರೆ ಥಾಮಸ್ ಕಾನ್‌ವೇ. ಬಹಳ ವರ್ಷ ಆಕೆಯೊಡನೆ ಸಂಸಾರ ಮಾಡಿದವನು, ಮೂರು ಮಕ್ಕಳ ತಂದೆ. 18ನೆಯ ರಾಯಲ್ ಐರಿಷ್ ರೆಜಿಮೆಂಟಿನ ಮಾಜಿ ಸಿಪಾಯಿ. 1857ರ ದಂಗೆಯ ಕಾಲದಲ್ಲಿ ನಮ್ಮ ದೇಶಕ್ಕೂ ಬಂದಿದ್ದ ಪಲ್ಟನ್ ಅದು. ಆರೋಗ್ಯ ಕೆಟ್ಟು ಸೈನ್ಯ ಬಿಟ್ಟ ಮೇಲೆ ಅವನು ಸಣ್ಣ ಪಿಂಚಣಿ ಪಡೆಯುತ್ತ, ಊರೂರು ತಿರುಗಿ ಸಾಮಾನು ಮಾರುತ್ತಿದ್ದ. ಆಕೆಯ ಕುಡಿತಕ್ಕೆ ಬೇಸತ್ತು 1880ರ ಸುಮಾರಿಗೆ ಬೇರೆಯಾಗಿದ್ದ.

ಅವನನ್ನು ಹಿಡಿಯುವುದು ಸುಲಭವೆಂದೇ ಪೋಲೀಸರು ಎಣಿಸಿದ್ದಿರಬೇಕು. ರೆಜಿಮೆಂಟ್ ಗೊತ್ತು, ಪಿಂಚಣಿದಾರನೆಂದೂ ಗೊತ್ತು, ಇನ್ನೇನು ಬೇಕು? ಬ್ರಿಟಿಷ್ ಸೈನ್ಯ ಇಂಥ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸಿಪಾಯಿಯ ಬಿಡುಗಡೆ ಕಾಗದದಲ್ಲಿ ಹುಟ್ಟಿದ ಊರು, ವಯಸ್ಸು, ಎತ್ತರ, ಕೂದಲಿನ ಬಣ್ಣ, ಮೊದಲಿನ ಕಸುಬು, ಬಿಟ್ಟ ಕಾರಣ, ನಡತೆ ಎಲ್ಲವನ್ನೂ ಬರೆದಿಡುತ್ತಿದ್ದರು. ಅಂಥ ಕಾಗದಗಳ ರಾಶಿ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಓದುಬರಹ ಬಾರದ, ಆಸ್ತಿಯಿಲ್ಲದ ಎಷ್ಟೋ ಕುಟುಂಬಗಳ ಬಗ್ಗೆ ಚರಿತ್ರೆಕಾರರಿಗೆ ಇಂದು ಸಿಗುವ ವಿವರವಾದ ದಾಖಲೆ ಅದೇ.

ಹುಡುಕಿದಾಗ ಕಾನ್‌ವೇ ಎಂಬ ಪಿಂಚಣಿದಾರ ಸಿಕ್ಕಿಯೂ ಸಿಕ್ಕಿದ. ಅದೇ ರೆಜಿಮೆಂಟಿನವನೇ! ಕ್ಯಾಥರೀನಳ ಅಕ್ಕತಂಗಿಯರ ಮುಂದೆ ನಿಲ್ಲಿಸಿದರೆ, ಇವನಲ್ಲ ಎಂದುಬಿಟ್ಟರು. ಅಕ್ಟೋಬರ್ 11ರಂದು ಶವಪರೀಕ್ಷೆಯ ವಿಚಾರಣೆ ಮುಗಿಯುವ ತನಕ ನಿಜವಾದವನು ಪತ್ತೆಯಾಗಲಿಲ್ಲ.

ಕಾರಣ ಇಷ್ಟೇ. ಸೈನ್ಯಕ್ಕೆ ಸೇರುವಾಗ ಅವನು ಬರೆಸಿದ್ದ ಹೆಸರು ಥಾಮಸ್ ಕ್ವಿನ್. ಹಾಗೆ ಬೇರೆ ಹೆಸರು ಹೇಳಿ ಸೇರುವುದು ಆ ಕಾಲಕ್ಕೆ ಅಪರೂಪವೇನಲ್ಲ. ಬರೆದುಕೊಂಡ ಗುಮಾಸ್ತನದೂ ತಪ್ಪಲ್ಲ, ಹೇಳಿದ್ದನ್ನು ಬರೆದ. ದಾಖಲೆ ಸರಿಯಾಗಿಯೇ ಇತ್ತು. ಆಕೆಯ ಮೈಮೇಲಿನ ಅಕ್ಷರಕ್ಕೂ ಅದಕ್ಕೂ ತಾಳೆಯಾಗುತ್ತಿರಲಿಲ್ಲ, ಅಷ್ಟೆ.

ಪೋಲೀಸರು ತನ್ನನ್ನು ಹುಡುಕುತ್ತಿರುವ ಸುದ್ದಿ ಪತ್ರಿಕೆಯಿಂದ ತಿಳಿದು, ಅಕ್ಟೋಬರ್ 15ರಂದು ಕಾನ್‌ವೇ ತಾನಾಗಿಯೇ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಪೋಲೀಸರ ಬಳಿ ಬಂದ. ಆಕೆಯನ್ನು ಒಂದೆರಡು ಸಲ ಬೀದಿಯಲ್ಲಿ ಕಂಡಿದ್ದರೂ ಕಣ್ಣಿಗೆ ಬೀಳದಂತೆ ಸರಿದುಹೋಗಿದ್ದಾಗಿ ಹೇಳಿದ. ಮಗಳ ಬಳಿಗೆ ಕರೆದೊಯ್ದರು. ಆನಿ ನೋಡಿದ ಕೂಡಲೇ ಇವರೇ ನಮ್ಮಪ್ಪ ಅಂದಳು. ತಾಯಿಯನ್ನು ಮಣ್ಣು ಮಾಡಿ ಅಂದಿಗೆ ಒಂದು ವಾರವಾಗಿತ್ತು.